ಚೀಟಿ ರೋಗಿಯ ಜೊತೆ ಹೋದ ಮೇಲೆ

ಐವತ್ತೆರಡು ವರ್ಷದ ಹೆಂಗಸು, ಸಕ್ಕರೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮೊದಲ ವರ್ಷ 0.7 ಬಂತು, ಮರುವರ್ಷ 0.8, ಅದರ ಮುಂದಿನ ವರ್ಷ 0.95, ನಾಲ್ಕನೆಯ ವರ್ಷ 1.1. ಹೆಂಗಸರಿಗೆ 1.1ರ ತನಕ ಸರಿ ಎಂದು ಬಹಳಷ್ಟು ಲ್ಯಾಬುಗಳ ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಆದ್ದರಿಂದ ಪ್ರತಿ ಸಲವೂ ಡಾಕ್ಟರು "ನಾರ್ಮಲ್ ಇದೆಯಮ್ಮ" ಎಂದಿರುತ್ತಾರೆ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಈಗ ಆ ನಾಲ್ಕು ಅಂಕಿಗಳನ್ನು ವಯಸ್ಸಿನ ಜೊತೆ ಸೇರಿಸಿ, ಮೂತ್ರಪಿಂಡದ ಸೋಸುವ ಶಕ್ತಿಯನ್ನು ಲೆಕ್ಕ ಹಾಕೋಣ. 2021ರಲ್ಲಿ ಪರಿಷ್ಕರಣೆಯಾದ ಸಿಕೆಡಿ-ಇಪಿಐ ಸೂತ್ರದ ಪ್ರಕಾರ ಉತ್ತರ ಹೀಗೆ ಬರುತ್ತದೆ: 104, 88, 71, 59. ಮೂರು ವರ್ಷದಲ್ಲಿ ಶಕ್ತಿ ಶೇಕಡಾ 40ಕ್ಕೂ ಹೆಚ್ಚು ಕುಸಿದಿದೆ. ಈ ಅಂಕಿ 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದೇ ವೈದ್ಯರು ಕರೆಯುತ್ತಾರೆ. ಆಕೆ ಮಂಡಿನೋವಿಗೆಂದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಬಿಡಿಸಬೇಕಾದ ಕಾಲ ಮೂರನೆಯ ರಿಪೋರ್ಟಿನ ಹೊತ್ತಿಗೇ ಬಂದಿತ್ತು. ರೋಗ ಇದ್ದದ್ದು ಯಾವ ಒಂದು ರಿಪೋರ್ಟಿನಲ್ಲೂ ಅಲ್ಲ, ನಾಲ್ಕರ ನಡುವಿನ ಇಳಿಜಾರಿನಲ್ಲಿ. ಆ ನಾಲ್ಕು ಹಾಳೆಗಳು ಒಂದೇ ಮೇಜಿನ ಮೇಲೆ ಒಟ್ಟಿಗೆ ಬರಲೇ ಇಲ್ಲ.

ನಮ್ಮ ಸಣ್ಣ ಕ್ಲಿನಿಕ್ಕುಗಳ ಪದ್ಧತಿಯೇ ಹಾಗಿದೆ. ಡಾಕ್ಟರು ಚೀಟಿ ಬರೆದು ಕೊಡುತ್ತಾರೆ, ಅದು ರೋಗಿಯ ಜೊತೆ ಮನೆಗೆ ಹೋಗುತ್ತದೆ. ಕ್ಲಿನಿಕ್ಕಿನಲ್ಲಿ ಉಳಿಯುವುದು ಹೆಚ್ಚೆಂದರೆ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕೊಟ್ಟ ಫೀಸು. ಕಿರಾಣಿ ಅಂಗಡಿಯಲ್ಲಾದರೂ ಉದ್ರಿ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಇರುತ್ತದೆ; ಇಲ್ಲಿ ಅದೂ ಇಲ್ಲ. ಮುಂದಿನ ಸಲ "ಹಳೇ ಚೀಟಿ ತಂದಿದ್ದೀರಾ?" ಎಂದು ಕೇಳಿದಾಗ ಪ್ಲಾಸ್ಟಿಕ್ ಕವರಿನಿಂದ ಹೊರಬರುವುದು ಮಡಿಸಿ ಮಡಿಸಿ ಹರಿದ ಕಾಗದ, ಇಲ್ಲವೇ ಗೆರೆ ಮಾಸಿಹೋದ ಇಸಿಜಿ. ಇಸಿಜಿಯನ್ನು ಶಾಖ ತಾಗಿದರೆ ಕಪ್ಪಾಗುವ ಕಾಗದದ ಮೇಲೆ ತೆಗೆಯುತ್ತಾರೆ. ಅದು ಬಿಸಿಲು, ಸೆಕೆಗೆ ತಾನಾಗಿಯೇ ಹಾಳಾಗುತ್ತದೆ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಮೂರು ವರ್ಷ ದಾಖಲೆ ಇಡಬೇಕೆಂದು ಹೇಳುವುದು ಒಳರೋಗಿಗಳ ವಿಷಯದಲ್ಲಿ. ಸಂಜೆ ಕ್ಲಿನಿಕ್ಕಿಗೆ ಬಂದು ಹೋಗುವ ಜನರೆಲ್ಲ ಹೊರರೋಗಿಗಳು.

ಈ ಕೊರತೆಯನ್ನು ತುಂಬುವ ಯಂತ್ರವೇ ಇಲೆಕ್ಟ್ರಾನಿಕ್ ಆರೋಗ್ಯ ದಾಖಲೆ ವ್ಯವಸ್ಥೆ. ಚೀಟಿಯ ಫೋಟೊ ತೆಗೆದು ಫೋನಿನಲ್ಲಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಫೋಟೊವನ್ನು ಮನುಷ್ಯ ಓದಬಹುದು, ಕಂಪ್ಯೂಟರ್ ಅದನ್ನು ಕೂಡಿಸಿ ಕಳೆಯಲಾರದು. ದಾಖಲೆ ವ್ಯವಸ್ಥೆಯ ಒಳಗೆ ಪ್ರತಿ ಅಂಕಿಯೂ ಬಿಡಿಬಿಡಿಯಾಗಿ ಕೂರುತ್ತದೆ: ಯಾರದ್ದು, ಯಾವ ಪರೀಕ್ಷೆ, ಎಷ್ಟು, ಯಾವ ಅಳತೆಯಲ್ಲಿ, ಯಾವ ದಿನ. ಹಾಗೆ ಕೂತಿದ್ದರೆ ಮಾತ್ರ ನಾಲ್ಕು ವರ್ಷದ ಕ್ರಿಯಾಟಿನಿನ್ ಕ್ಷಣದಲ್ಲಿ ಒಂದು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ಕಾಯಿಲೆಗಳಿಗೂ ಸಂಕೇತಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಎರಡನೆಯ ಬಗೆಯ ಮಧುಮೇಹ 'ಇ11', ಸಾಮಾನ್ಯ ಅಧಿಕ ರಕ್ತದೊತ್ತಡ 'ಐ10'. ಒಬ್ಬ ಡಾಕ್ಟರು 'ಶುಗರ್' ಎಂದು, ಇನ್ನೊಬ್ಬರು 'ಡಿಎಂ' ಎಂದು ಬರೆದರೂ ಒಳಗೆ ಒಂದೇ ಸಂಕೇತ ಬೀಳುವುದರಿಂದ ಹುಡುಕುವಾಗ ಇಬ್ಬರ ರೋಗಿಗಳೂ ಸಿಗುತ್ತಾರೆ.

ಔಷಧಿಯ ವಿಷಯದಲ್ಲಿ ಈ ಯಂತ್ರದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಮಾತ್ರೆಗಳನ್ನು ಜನ ಗುರುತಿಸುವುದು ಬ್ರ್ಯಾಂಡ್ ಹೆಸರಿನಿಂದ. ಡೋಲೊ, ಕ್ರೋಸಿನ್, ಕ್ಯಾಲ್‌ಪಾಲ್ ಮೂರರಲ್ಲೂ ಇರುವುದು ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಅದೇ ಪ್ಯಾರಸಿಟಮಾಲ್ ಐಬುಪ್ರೊಫೇನ್ ಜೊತೆ ಸೇರಿಕೊಂಡಿದೆ. ಜ್ವರಕ್ಕೊಂದು, ಮೈಕೈ ನೋವಿಗೊಂದು, ನೆಗಡಿಗೊಂದು ಎಂದು ಬೇರೆಬೇರೆ ಹೆಸರಿನಲ್ಲಿ ತಂದು ನುಂಗಿದರೆ, ಒಂದೇ ಔಷಧಿ ದಿನದ ಮಿತಿಯಾದ 4 ಗ್ರಾಂ ದಾಟಬಹುದು, ಯಕೃತ್ತಿಗೆ ಪೆಟ್ಟು ಬೀಳಬಹುದು. ದಾಖಲೆ ವ್ಯವಸ್ಥೆ ಬ್ರ್ಯಾಂಡ್ ಹೆಸರನ್ನು ಬಿಡಿಸಿ ಒಳಗಿನ ಮೂಲ ಔಷಧಿಗಳನ್ನು ಪಟ್ಟಿ ಮಾಡಿ, ಎರಡು ಸಲ ಬಂದದ್ದನ್ನು ತೋರಿಸುತ್ತದೆ.

ಇನ್ನೂ ಅಪಾಯದ ಸಂದರ್ಭ ನೋಡಿ. ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಕವಾಟ ಬದಲಿಸಿಕೊಂಡು ಊರಿಗೆ ಮರಳಿದವರು ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ತೆಗೆದುಕೊಳ್ಳುತ್ತಿರುತ್ತಾರೆ. ಒಂದು ದಿನ ಭೇದಿ ಎಂದು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಬರೆಯುವ ಮೆಟ್ರೊನಿಡಜೋಲ್, ಯಕೃತ್ತು ವಾರ್ಫರಿನ್ನನ್ನು ಕರಗಿಸುವ ವೇಗವನ್ನು ತಗ್ಗಿಸುತ್ತದೆ. ವಾರ್ಫರಿನ್ ಪ್ರಮಾಣ ಹೆಚ್ಚಿಸದಿದ್ದರೂ ಅದರ ಪ್ರಭಾವ ಏರಿ ರಕ್ತಸ್ರಾವವಾಗಬಹುದು. ಇದು ವೈದ್ಯರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಹೊರಗೆ ಬೆಂಚಿನ ತುಂಬ ಜನ ಕೂತಿರುವ ಸಂಜೆ, ಭೇದಿಗೆ ಬಂದವರು ವಾರ್ಫರಿನ್ನಿನ ಮಾತೇ ಎತ್ತದಿದ್ದರೆ ಆ ತಿಳಿವಳಿಕೆ ಉಪಯೋಗಕ್ಕೆ ಬರುವುದಿಲ್ಲ. ವಾರ್ಫರಿನ್ ಮೊದಲೇ ದಾಖಲೆಯಲ್ಲಿದ್ದರೆ ಯಂತ್ರ ಅಲ್ಲಿಯೇ ತಡೆಯುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಮಾಕ್ಸಿಸಿಲಿನ್ ಬರೆದಾಗಲೂ ಹಾಗೆಯೇ.

ಇದೆಲ್ಲ ನಡೆಯಬೇಕಾದರೆ ಎದುರಿಗೆ ಕೂತ ರೋಗಿಯ ಪುಟವೇ ತೆರೆದಿರಬೇಕು. ಹಳ್ಳಿಯೊಂದರಲ್ಲಿ ಲಕ್ಷ್ಮಮ್ಮ ಎಷ್ಟು ಜನ, ಮಂಜುನಾಥ ಎಷ್ಟು ಜನ! ಫೋನ್ ನಂಬರೂ ಮನೆಗೆಲ್ಲ ಒಂದೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದರಂತೂ ಒಂದೇ ಲಕ್ಷ್ಮಿಗೆ ಮೂರು ಬಗೆಯ ಕಾಗುಣಿತ. ಉಚ್ಚಾರಣೆಯ ಹತ್ತಿರದ ಹೆಸರುಗಳನ್ನು ಒಂದೇ ಗುಂಪಿಗೆ ಹಾಕುವ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು; ಇಂದಿನ ಹುಡುಕಾಟದ ತಂತ್ರಗಳು ಅದರ ವಂಶದವೇ. ಆದರೂ ಹುಟ್ಟಿದ ದಿನ, ಊರು, ಗಂಡನ ಅಥವಾ ತಂದೆಯ ಹೆಸರು ಕೇಳಿ ಖಚಿತ ಮಾಡಿಕೊಳ್ಳುವ ರಿಸೆಪ್ಷನ್ನಿನ ಹುಡುಗಿಯೇ ಇಲ್ಲಿ ದೊಡ್ಡ ಆಸರೆ. ತಪ್ಪು ಲಕ್ಷ್ಮಮ್ಮನ ಪುಟ ತೆರೆದರೆ ಯಂತ್ರದ ಎಚ್ಚರಿಕೆಗಳೆಲ್ಲ ತಪ್ಪು ಮನುಷ್ಯರಿಗೆ ಸಲ್ಲುತ್ತವೆ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ 'ಆಭಾ' ಸಂಖ್ಯೆಯ ನಿಜವಾದ ಉಪಯೋಗ ಇಲ್ಲಿದೆ. ಆ ವ್ಯವಸ್ಥೆಯಲ್ಲಿ ದಾಖಲೆಗಳೆಲ್ಲ ದಿಲ್ಲಿಯ ಒಂದು ಉಗ್ರಾಣಕ್ಕೆ ಹೋಗಿ ಬೀಳುವುದಿಲ್ಲ. ಅವು ಆಯಾ ಕ್ಲಿನಿಕ್ಕಿನ ವ್ಯವಸ್ಥೆಯಲ್ಲೇ ಇರುತ್ತವೆ; ಬೇರೆ ವೈದ್ಯರು ಕೇಳಿದಾಗ ರೋಗಿ ತನ್ನ ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ, ಒಪ್ಪಿದಷ್ಟು ಭಾಗ, ಒಪ್ಪಿದಷ್ಟು ಕಾಲ ಅವರಿಗೆ ಕಾಣುತ್ತದೆ.

ಕಾಗದ ಎಂದೂ ಮಾಡಲಾಗದ ಇನ್ನೊಂದು ಕೆಲಸವಿದೆ: ಯಾರು ಬರಲಿಲ್ಲ ಎಂದು ಹೇಳುವುದು. ಮಕ್ಕಳಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ರೂಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸುತ್ತದೆ. ಅದು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. ಪರೀಕ್ಷೆಯೋ ಹಬ್ಬವೋ ಬಂದು ಮಗು ಒಂದು ಸುತ್ತು ತಪ್ಪಿಸಿದರೆ ಕಾಗದದ ರಿಜಿಸ್ಟರ್ ಸುಮ್ಮನಿರುತ್ತದೆ, ಏಕೆಂದರೆ ಬಾರದವರಿಗೆ ಅದರಲ್ಲಿ ಸಾಲೇ ಇಲ್ಲ. ಕಂಪ್ಯೂಟರ್ ಮಾತ್ರ ಪ್ರತಿ ಬೆಳಿಗ್ಗೆ ಗಡುವು ಮೀರಿದವರ ಪಟ್ಟಿ ಕೊಡಬಲ್ಲದು. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ 'ಸಿಂಪಲ್' ಎಂಬ ಆ್ಯಪ್ ಇದನ್ನೇ ಮಾಡುತ್ತದೆ. ಬಿ.ಪಿ. ಎಷ್ಟು, ಯಾವ ಮಾತ್ರೆ, ಮತ್ತೆ ಯಾವಾಗ ಬರಬೇಕು ಎಂಬ ಕೆಲವೇ ವಿವರ ತುಂಬಿದರೆ ಸಾಕು. ದಿನ ದಾಟಿದವರ ಪಟ್ಟಿ ಹಿಡಿದು ನರ್ಸ್ ಫೋನ್ ಮಾಡುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಈ ಕೆಲಸ ಇಬ್ಬರು ಸಿಬ್ಬಂದಿಯ ಕ್ಲಿನಿಕ್ಕಿನಲ್ಲೂ ನಡೆಯಬಲ್ಲದು.

ತೊಂದರೆಗಳೂ ಕಡಿಮೆ ಏನಿಲ್ಲ. ಟೈಪ್ ಮಾಡುವಾಗ ಡಾಕ್ಟರ ಕಣ್ಣು ರೋಗಿಯ ಮುಖದಿಂದ ಪರದೆಗೆ ಜಾರುತ್ತದೆ. ಔಷಧಿಗಳ ನಡುವಿನ ಎಲ್ಲ ಸಣ್ಣಪುಟ್ಟ ತಿಕ್ಕಾಟಕ್ಕೂ ಎಚ್ಚರಿಕೆಯ ಪೆಟ್ಟಿಗೆ ಏಳುವ ಸಾಫ್ಟ್‌ವೇರ್‌ನಲ್ಲಿ ಕೆಲವೇ ದಿನಕ್ಕೆ ಎಲ್ಲವನ್ನೂ ಓದದೆ ಮುಚ್ಚುವ ರೂಢಿ ಬೀಳುತ್ತದೆ. ಆಗ ವಾರ್ಫರಿನ್ನಿನ ಎಚ್ಚರಿಕೆಯೂ ಅದೇ ರಭಸದಲ್ಲಿ ಮುಚ್ಚಿಹೋಗುತ್ತದೆ. ಹತ್ತು ನಿಜವಾದ ಅಪಾಯಗಳಿಗೆ ಮಾತ್ರ ತಡೆಯುವ ಯಂತ್ರವೇ ನನ್ನ ದೃಷ್ಟಿಯಲ್ಲಿ ಒಳ್ಳೆಯದು. ದಾಖಲೆಯೇ ಕೈತಪ್ಪುವ ಭಯವೂ ಇದೆ: 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ಸಣ್ಣ ಕ್ಲಿನಿಕ್ಕು ರಾತ್ರಿ ಬಾಗಿಲು ಹಾಕುವ ಮುನ್ನ ಬೇರೆ ಡಿಸ್ಕಿಗೆ ಪ್ರತಿ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಬೇಕು. ರಿಸೆಪ್ಷನ್ನಿನಲ್ಲಿ ಗುರುತಿನ ವಿವರ ಮತ್ತು ಸರದಿ ಕಂಡರೆ ಸಾಕು, ಯಾರಿಗೆ ಯಾವ ಕಾಯಿಲೆ ಎಂಬುದು ಅಲ್ಲಿ ಕಾಣಬಾರದು.

ಎಲ್ಲವನ್ನೂ ಮೊದಲ ದಿನವೇ ತುಂಬಲು ಹೊರಟ ಕ್ಲಿನಿಕ್ಕು ಬೇಗ ಸೋಲುತ್ತದೆ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಒತ್ತಿ ಹೇಳಿದ ಮಾತು ಇಂದಿಗೂ ಹಾದಿ ತೋರಿಸುತ್ತದೆ: ದಾಖಲೆಯ ಬೆನ್ನೆಲುಬು ರೋಗಿಯ ಸಮಸ್ಯೆಗಳ ಪಟ್ಟಿಯಾಗಿರಬೇಕು. ಸಮಸ್ಯೆಗಳು, ನಡೆಯುತ್ತಿರುವ ಮಾತ್ರೆಗಳು, ಅಲರ್ಜಿ, ಬಿ.ಪಿ. ಮತ್ತು ತೂಕ, ಮುಖ್ಯ ಲ್ಯಾಬ್ ಅಂಕಿಗಳು, ಇಷ್ಟರಿಂದ ಶುರು ಮಾಡಬಹುದು. ದೀರ್ಘಕಾಲದ ಕಾಯಿಲೆಯವರನ್ನು ಮೊದಲು ಸೇರಿಸಿ, ನೆಗಡಿ ಜ್ವರದವರನ್ನು ಆಮೇಲೆ ನೋಡಿಕೊಂಡರೂ ನಡೆಯುತ್ತದೆ.

ಸಾಫ್ಟ್‌ವೇರ್ ಕೊಳ್ಳುವ ವೈದ್ಯರು ಮಾರಲು ಬಂದವರನ್ನು ಒಂದು ಪ್ರಶ್ನೆ ಕೇಳಲೇಬೇಕು: ನಾಳೆ ನಾನು ಬೇರೆ ಸಾಫ್ಟ್‌ವೇರ್‌ಗೆ ಹೋದರೆ, ಅಥವಾ ಕ್ಲಿನಿಕ್ ಮುಚ್ಚಿದರೆ, ನನ್ನ ರೋಗಿಗಳ ಅಷ್ಟೂ ದಾಖಲೆ ಹೊರಗೆ ಬರುತ್ತದೆಯೇ? ಡಿಜಿಟಲ್ ಮಿಷನ್ ಆರಿಸಿಕೊಂಡಿರುವ 'ಫೈರ್' ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ ಅವು ಹೊರಬಂದರೆ ಇನ್ನೊಂದು ಯಂತ್ರ ಓದಬಲ್ಲದು. ಬರೀ ಬಾಯಿಮಾತಿನ ಹೌದು ಸಾಲದು, ಒಬ್ಬ ರೋಗಿಯ ಪೂರ್ತಿ ಪುಟವನ್ನು ಎದುರಿಗೇ ಹೊರತೆಗೆದು ತೋರಿಸಿದ ಮೇಲೆ ಹಣ ಕೊಡಿ.