ಮೆಂಟರ್ ಎಂದರೆ ಜೀವಮಾನದ ಗುರುವೇ?

ಕೆಲಸಕ್ಕೆ ಸೇರಿದ ಹೊಸಬರಿಗೆ ಒಬ್ಬ ‘ಮೆಂಟರ್’ ಗೊತ್ತುಮಾಡುವುದು ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಈಗ ಮಾಮೂಲು. ಅದರ ಜೊತೆಗೇ ಕೆಲವು ನಂಬಿಕೆಗಳೂ ಬೇರೂರಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಒಬ್ಬ ಒಳ್ಳೆಯ ಗುರು ಸಿಕ್ಕರೆ ಸಾಕು, ಅವರೇ ಕೊನೆತನಕ ದಾರಿ ತೋರಿಸುತ್ತಾರೆ, ಇನ್ನೊಬ್ಬರ ಬಳಿ ಹೋಗುವುದು ದ್ರೋಹ.

ಗುರುಪರಂಪರೆಯೇ ಜೀವಾಳವಾದ ಹಿಂದೂಸ್ತಾನಿ ಸಂಗೀತದಲ್ಲೂ ಹೀಗೇನಿಲ್ಲ. ಧಾರವಾಡದ ಪಕ್ಕದ ಮನಸೂರಿನ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಅದನ್ನು ಕೇಳಿ ಮೆಚ್ಚಿದ ನೀಲಕಂಠಬುವಾ ಅವರು ಮಿರಜಿನಲ್ಲಿ ಅವರಿಗೆ ಗ್ವಾಲಿಯರ್ ಘರಾಣೆಯ ಪಾಠ ಕೊಟ್ಟರು. ಮುಂದೆ ಎಚ್‌ಎಂವಿ ರೆಕಾರ್ಡುಗಳು ಬಂದವು, ಹೆಸರೂ ಬಂತು. ಇಷ್ಟೆಲ್ಲ ಆದಮೇಲೆ ಮನಸೂರರು ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆ ಮುಂದುವರಿಯಿತು. ಗುರುಗಳು ಮೂವರು, ಘರಾಣೆ ಎರಡು. ಎರಡನೆಯ ಗುರುವಿನ ಬಳಿಗೆ ಹೋದಾಗ ಅವರು ಆಗಲೇ ಹೆಸರಾಂತ ಗಾಯಕ ಎಂಬುದನ್ನು ಗಮನಿಸಿದರೆ, ಮಾರ್ಗದರ್ಶನ ಹೊಸಬರಿಗೆ ಮಾತ್ರ ಎನ್ನುವ ಮಾತೂ ನಿಲ್ಲುವುದಿಲ್ಲ.

ಕಚೇರಿಗಳಲ್ಲಿ ಈ ನಂಟು ಹೇಗೆ ಬೆಳೆಯುತ್ತದೆ ಎಂದು ಅಮೆರಿಕದ ಸಂಶೋಧಕಿ ಕ್ಯಾಥಿ ಕ್ರಾಮ್ 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಅವರು ಗುರುತಿಸಿದ ಘಟ್ಟಗಳು ನಾಲ್ಕು: ಶುರುವಾಗುವುದು, ಬೆಳೆಯುವುದು, ದೂರವಾಗುವುದು, ಕೊನೆಗೆ ಹೊಸ ರೂಪ ತಾಳುವುದು. ಆ ಕೊನೆಯ ಘಟ್ಟದಲ್ಲಿ ಹಿರಿಯ-ಕಿರಿಯರು ಸರಿಸಮಾನ ಸ್ನೇಹಿತರಾಗುವುದುಂಟು. ದೂರವಾಗುವುದು ಸಂಬಂಧ ಕೆಟ್ಟದ್ದರ ಗುರುತಲ್ಲ; ಕಿರಿಯರು ತಮ್ಮ ಕಾಲ ಮೇಲೆ ನಿಂತರೆ ಆಗಬೇಕಾದದ್ದೇ ಅದು.

ಮೆಂಟರ್ ಎಂದರೆ ಬುದ್ಧಿ ಹೇಳುವವರು ಎಂಬುದು ಇನ್ನೊಂದು ಅರ್ಧಸತ್ಯ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಹೊಣೆ ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ಆದರೆ ಪತ್ರಕರ್ತರ ಪ್ರಶ್ನೆಗಳಿಗೆ ಎದೆಕೊಟ್ಟವರು ಇಸ್ರೋ ಅಧ್ಯಕ್ಷ ಸತೀಶ್ ಧವನ್; ತಂಡದ ಮೇಲೆ ತಮಗೆ ಪೂರ್ತಿ ನಂಬಿಕೆಯಿದೆ ಎಂದರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಈ ಸಲ ಪತ್ರಕರ್ತರ ಜೊತೆ ನೀವೇ ಮಾತಾಡಿ ಎಂದು ಧವನ್ ಅವರು ಕಲಾಂರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಜೀವನವಿಡೀ ಹೇಳುತ್ತಿದ್ದರು. ಇಲ್ಲಿ ಉಪದೇಶವೇ ಇಲ್ಲ. ಬಿದ್ದಾಗ ರಕ್ಷಣೆ, ಗೆದ್ದಾಗ ವೇದಿಕೆ: ಕ್ರಾಮ್ ಅವರು ಮೆಂಟರ್‌ನ ಕೆಲಸಗಳೆಂದು ಪಟ್ಟಿ ಮಾಡಿದ್ದರಲ್ಲಿ ಇವೆರಡೂ ಇವೆ.

ಬುದ್ಧಿ ಹೇಳುವುದಕ್ಕೂ ಬೆನ್ನಿಗೆ ನಿಲ್ಲುವುದಕ್ಕೂ ಇರುವ ಈ ವ್ಯತ್ಯಾಸ ಮಹಿಳೆಯರ ವಿಷಯದಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ಸಂಶೋಧಕಿ ಹರ್ಮಿನಿಯಾ ಇಬಾರಾ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ ಪ್ರಕಾರ, ಮಹಿಳೆಯರಿಗೆ ಸಲಹೆಗಾರರಿಗೇನೂ ಕೊರತೆಯಿಲ್ಲ. ಬಡ್ತಿಯ ಸಭೆಯಲ್ಲಿ ಅವರ ಹೆಸರು ಎತ್ತಿ ವಾದಿಸುವ ಹಿರಿಯರು ಮಾತ್ರ ಕಡಿಮೆ.

ಹಾಗಾದರೆ ಯಾರಾದರೂ ಸರಿ, ಒಬ್ಬರು ಮೆಂಟರ್ ಇದ್ದರೆ ಇಲ್ಲದ್ದಕ್ಕಿಂತ ಮೇಲಲ್ಲವೇ? ಅದೂ ಖಾತ್ರಿಯಲ್ಲ. ಬೆಲ್ ರೋಸ್ ರಾಗಿನ್ಸ್ ಮತ್ತು ಸಹಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಂಟರ್ ಜೊತೆಗಿನ ನಂಟಿನಲ್ಲಿ ತೃಪ್ತಿ ಕಾಣದವರ ಸ್ಥಿತಿ ಮೆಂಟರೇ ಇಲ್ಲದವರಿಗಿಂತ ಉತ್ತಮವಾಗೇನೂ ಇರಲಿಲ್ಲ. ಎಚ್‌ಆರ್‌ನವರು ಎಕ್ಸೆಲ್ ಪಟ್ಟಿ ನೋಡಿ ಕಟ್ಟಿದ ಜೋಡಿಗಳ ಗತಿ ಗೊತ್ತಿದ್ದದ್ದೇ: ಮೊದಲ ಭೇಟಿಯಲ್ಲಿ ಕಾಫಿ, ಎರಡನೆಯದು ಹದಿನೈದು ನಿಮಿಷ, ಮೂರನೆಯದು ಕ್ಯಾಲೆಂಡರಿನಲ್ಲೇ ಮುಂದಕ್ಕೆ, ಮತ್ತೂ ಮುಂದಕ್ಕೆ. ಮೆಂಟರ್ ಇದ್ದರೆ ಸಂಬಳ ಏರುತ್ತದೆ ಎಂಬ ಆಸೆಗೂ ಸ್ವಲ್ಪ ಕಡಿವಾಣ ಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2004ರ ಒಂದು ವಿಶ್ಲೇಷಣೆಯಲ್ಲಿ, ಸಂಬಳ-ಬಡ್ತಿಗಳ ಮೇಲೆ ಕಂಡ ಪರಿಣಾಮ ಸಣ್ಣದು. ವೃತ್ತಿಯ ಬಗೆಗಿನ ತೃಪ್ತಿಯ ಜೊತೆಗಿನ ನಂಟು ಅದಕ್ಕಿಂತ ಗಟ್ಟಿ.

ಮೆಂಟರ್ ವಯಸ್ಸಿನಲ್ಲಿ ಹಿರಿಯರೇ ಆಗಿರಬೇಕೆಂದೂ ಇಲ್ಲ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥ ಜಾಕ್ ವೆಲ್ಚ್ ತಮ್ಮ 500 ಉನ್ನತ ಅಧಿಕಾರಿಗಳಿಗೆ, ಇಂಟರ್‌ನೆಟ್ ಬಲ್ಲ ಕಿರಿಯ ಸಿಬ್ಬಂದಿಯಿಂದ ಅದನ್ನು ಕಲಿಯಿರಿ ಎಂದು ಹೇಳಿದರು. ತಾವೂ ಕಲಿಯಲು ಕೂತರು.

ಕೊನೆಯ ತಪ್ಪು ಕೇಳುವ ರೀತಿಯಲ್ಲಿದೆ. ‘ಸರ್, ನನ್ನ ಮೆಂಟರ್ ಆಗ್ತೀರಾ?’ ಎಂಬ ಮೆಸೇಜಿಗೆ ಬಿಡುವಿಲ್ಲದವರು ಉತ್ತರಿಸುವುದು ಅಪರೂಪ. ಎಷ್ಟು ದಿನದ ಹೊಣೆಯೋ ಗೊತ್ತಾಗುವುದಿಲ್ಲ. ‘ಮೇಡಂ, ಟೆಸ್ಟಿಂಗ್‌ನಿಂದ ಡೇಟಾ ವಿಭಾಗಕ್ಕೆ ಹೋಗಬೇಕೆಂದಿದ್ದೇನೆ. ನೀವೂ ಹಾಗೆ ಬಂದವರು. ಮೊದಲ ಆರು ತಿಂಗಳು ಏನು ಕಷ್ಟವಾಯಿತು, ಇಪ್ಪತ್ತು ನಿಮಿಷ ಮಾತಾಡಬಹುದಾ?’ ಎಂದರೆ ಒಪ್ಪಿಕೊಳ್ಳುವುದು ಸುಲಭ. ಕೇಳಿದ್ದರಲ್ಲಿ ಏನನ್ನು ಮಾಡಿ ನೋಡಿದೆವು, ಏನಾಯಿತು ಎಂದು ತಿಂಗಳ ಮೇಲೆ ನಾಲ್ಕು ಸಾಲು ಬರೆದು ತಿಳಿಸಿದವರನ್ನು ಎರಡನೆಯ ಮಾತುಕತೆಗೆ ಮೇಡಂ ತಾವಾಗಿಯೇ ಕರೆಯುವ ಸಾಧ್ಯತೆ ಹೆಚ್ಚು.