ನಿಮ್ಮ ಸರ್ವೇ ನಂಬರ್ ಆನೆದಾರಿಯೊಳಗಿದೆಯೇ? ಕಂಪ್ಯೂಟರನ್ನು ಕೇಳುವ ಬಗೆ

ಮಸಿನಗುಡಿ, ಬೊಕ್ಕಾಪುರದ ಸುತ್ತಮುತ್ತ ಜಮೀನು ಉಳ್ಳವರಿಗೆ ಈ ಪ್ರಶ್ನೆ ಹೊಸದಲ್ಲ. ಸೀಗೂರು ಪ್ರಸ್ಥಭೂಮಿಯ ಆನೆದಾರಿಯನ್ನು ತಮಿಳುನಾಡು ಸರ್ಕಾರ 2010ರ ಆಗಸ್ಟ್‌ನಲ್ಲಿ ಅಧಿಸೂಚಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್, 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಆದರೆ ತಜ್ಞರ ಸಮಿತಿ ಹೇಳಿದ ಎಕರೆಗೂ ಸರ್ಕಾರಿ ಆದೇಶದಲ್ಲಿರುವ ಎಕರೆಗೂ ತಾಳೆಯಾಗುವುದಿಲ್ಲ ಎಂಬ ತಕರಾರುಗಳನ್ನು ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯನ್ನು ಸುಪ್ರೀಂ ಕೋರ್ಟೇ ನೇಮಿಸಿತು. ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಮನೆ, ತೋಟದ ಪ್ರಶ್ನೆ. ಆನೆಗೂ ದಾರಿಯ ಪ್ರಶ್ನೆಯೇ.

ಇಂಥ ಪ್ರಶ್ನೆಗೆ ವೆಬ್ ನಕ್ಷೆ ಹೇಗೆ ಉತ್ತರಿಸುತ್ತದೆ? ಪರದೆಯಲ್ಲಿ ಕಾಣುವ ಬಣ್ಣದ ಚಿತ್ರಕ್ಕೆ ಏನೂ ಗೊತ್ತಿಲ್ಲ. ಲೆಕ್ಕವೆಲ್ಲ ಅದರ ಹಿಂದಿನ ಡೇಟಾಬೇಸಿನಲ್ಲಿ ನಡೆಯುತ್ತದೆ. 2001ರಲ್ಲಿ ಕೆನಡಾದಲ್ಲಿ ಹುಟ್ಟಿದ ಪೋಸ್ಟ್‌ಜಿಐಎಸ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೆಸರುವಾಸಿ. ಅದರಲ್ಲಿ ಸರ್ವೇ ನಂಬರಿಗೊಂದು ಸಾಲು. ವಿಸ್ತೀರ್ಣದ ಪಕ್ಕದ ಕಾಲಮಿನಲ್ಲಿ ಜಮೀನಿನ ಮೂಲೆಗಳ ಅಕ್ಷಾಂಶ, ರೇಖಾಂಶ. ಆನೆದಾರಿಯೂ ಹಾಗೆಯೇ ಒಂದು ಆಕೃತಿ. 'ಇವೆರಡೂ ಕೂಡುತ್ತವೆಯೇ?' ಎಂದು ಕೇಳಿದರೆ ಅದು ಮೊದಲು ಪ್ರತಿ ಜಮೀನಿನ ಸುತ್ತ ಒಂದು ಚೌಕಟ್ಟು ಕಲ್ಪಿಸಿ ದೂರದವನ್ನೆಲ್ಲ ಕೈಬಿಡುತ್ತದೆ. ಉಳಿದವುಗಳ ಗಡಿಯನ್ನು ಮಾತ್ರ ಕೂಲಂಕಷವಾಗಿ ನೋಡುತ್ತದೆ. ಸಾವಿರಾರು ನಂಬರಿದ್ದರೂ ಕ್ಷಣದಲ್ಲಿ ಉತ್ತರ ಬರುವುದು ಇದರಿಂದಲೇ.

ಎಡವುವುದು ಮುಂದೆ. 'ಕೂಡುತ್ತವೆಯೇ' ಎಂಬುದಕ್ಕೆ ಗಡಿ ಬರೀ ತಾಗಿದರೂ ಕಂಪ್ಯೂಟರ್ ಹೌದೆನ್ನುತ್ತದೆ! ಬೇಲಿಯಾಚೆಯ ಜಮೀನೂ ಪಟ್ಟಿಗೆ ಸೇರಿಬಿಡುತ್ತದೆ. ಆದ್ದರಿಂದ ಎಷ್ಟು ಎಕರೆ ಒಳಗಿದೆ ಎಂದೇ ಕೇಳಬೇಕು. ಅದಕ್ಕೂ ಮುನ್ನ ಅಳತೆಯನ್ನು ಡಿಗ್ರಿಯಿಂದ ಮೀಟರಿಗೆ ತರಬೇಕು. ನೀಲಗಿರಿಗೆ ಹೊಂದುವುದು ಯುಟಿಎಂ 43ನೇ ಉತ್ತರ ವಲಯ, ಸಂಕೇತ 32643. ಇದನ್ನು ಮರೆತು '500ರೊಳಗೆ ಇರುವ ಜಮೀನು' ಎಂದು ಕೇಳಿದರೆ ಕಂಪ್ಯೂಟರ್ 500 ಡಿಗ್ರಿ ಎಂದು ತಿಳಿದು ಗೂಡಲೂರು, ಊಟಿಯನ್ನೂ ಸೇರಿಸಿ ಇಡೀ ಭೂಮಂಡಲವನ್ನೇ ಮುಂದಿಡುತ್ತದೆ.

ಹಳೆಯ ಗ್ರಾಮ ನಕಾಶೆಯನ್ನು ಕಂಪ್ಯೂಟರಿಗೆ ಇಳಿಸುವಾಗ ಗೆರೆ ಐದು ಮೀಟರ್ ಜರುಗಿದ್ದರೆ ಉತ್ತರವೂ ಅಷ್ಟೇ ಜರುಗುತ್ತದೆ. ತಂತ್ರಾಂಶ ಎಚ್ಚರಿಸುವುದಿಲ್ಲ. ಅಂಚಿನಲ್ಲಿ ಸಿಕ್ಕ ನಂಬರುಗಳನ್ನು ಬೇರೆ ಪಟ್ಟಿ ಮಾಡಿ, ಸರ್ವೇಯರನ್ನು ಕಳಿಸಿ ಸ್ಥಳದಲ್ಲೇ ಅಳೆಸಬೇಕು.