ಗಣಕಯಂತ್ರ ಮತ್ತು ಅತಿವೇಗ



ಗಣಕಯಂತ್ರಕ್ಕೆ ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಅದನ್ನು ಓಡಿಸುವ ಒಂದು ಪರಿಪಾಠ ತರುಣರಲ್ಲಿ ಬಳಕೆಯಲ್ಲಿದೆ. ಅದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ಕನ್ನಡ ಮೇಷ್ಟ್ರಿಗೆ ಈ ಗೊಡವೆ ಏಕೆಂದು ತಾವು ಕೇಳಬಹುದು. ನನ್ನ ಮನೆಯಲ್ಲಿಯೇ ನಡೆದ ಒಂದು ಸಂಗತಿ ಇದಕ್ಕೆ ಕಾರಣ.

ನಿವೃತ್ತನಾದ ಮೇಲೆ ನಾನು ತಿಮ್ಮಾಪುರದಲ್ಲಿದ್ದುಕೊಂಡು ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸಿ ಗಣಕಯಂತ್ರದಲ್ಲಿ ಸೇರಿಸುತ್ತ ಬಂದಿದ್ದೇನೆ. ರಜೆಗೆ ಬಂದ ಮೊಮ್ಮಗ ಒಂದು ಸಂಜೆ ಅದರ ಪ್ರೊಸೆಸರಿನ ಮತ್ತು ಮೆಮೊರಿಯ ವೇಗವನ್ನು ಏರಿಸಿಬಿಟ್ಟ. “ನೋಡಜ್ಜ, ಒಂದು ಪೈಸಾ ಖರ್ಚಿಲ್ಲದ ಹೆಂಗ ಓಡಾಕತ್ತೈತಿ!” ಎಂದ. ನನಗೂ ಸಂತೋಷವಾಯಿತು. ಕೆಲವು ವಾರಗಳ ತರುವಾಯ ಎರಡು ಕಡತಗಳು ತೆರೆಯದಾದವು. ಮತ್ತೊಂದರಲ್ಲಿ ಅಕ್ಷರಗಳು ಕೆಟ್ಟಿದ್ದವು. ಯಂತ್ರವು ಅದುವರೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಇದು ಹೇಗಾಗುತ್ತದೆ? ಗಣಕಯಂತ್ರದೊಳಗೆ ಕೆಲಸಗಳೆಲ್ಲ ಒಂದು ತಾಳಕ್ಕೆ ಅನುಸಾರವಾಗಿ ನಡೆಯುತ್ತವೆ. ಸ್ಫಟಿಕವೊಂದರ ಕಂಪನ ಆ ತಾಳಕ್ಕೆ ಆಧಾರ. 1971ರಲ್ಲಿ ಬಂದ ಇಂಟೆಲ್ 4004 ಪ್ರೊಸೆಸರಿನ ತಾಳ ಸೆಕೆಂಡಿಗೆ ಏಳು ಲಕ್ಷ ನಲವತ್ತು ಸಾವಿರದವರೆಗೆ ಇತ್ತು. ಇಂದಿನ ವೇಗದ ಪ್ರೊಸೆಸರುಗಳಲ್ಲಿ ಅದು ಐನೂರು ಕೋಟಿಯನ್ನು ಮುಟ್ಟುತ್ತದೆ. ಅಂಥ ಒಂದು ಬಡಿತದ ಅವಧಿಯಲ್ಲಿ ಬೆಳಕು ಕೂಡ ಆರು ಸೆಂಟಿಮೀಟರಿನಷ್ಟು ಮಾತ್ರ ಸಾಗಬಲ್ಲುದು. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ವಿದ್ಯುತ್ ಸಂಕೇತವು ಹೊರಟು ತನ್ನ ನೆಲೆಯನ್ನು ಸೇರಬೇಕು. ಸೇರದಿದ್ದರೆ ಒಂದು ಇದ್ದಲ್ಲಿ ಸೊನ್ನೆ, ಸೊನ್ನೆ ಇದ್ದಲ್ಲಿ ಒಂದು ದಾಖಲಾಗುತ್ತದೆ.

ಈ ಮಾತು ನನಗೆ ಮನದಟ್ಟಾದುದು ಪುಸ್ತಕದಿಂದಲ್ಲ, ನಮ್ಮ ನೆರೆಯ ಬನಹಟ್ಟಿಯ ನೇಕಾರರೊಬ್ಬರಿಂದ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದನ್ನು ಕೇಳದವರಿಲ್ಲ. ಮೋಟಾರಿನ ಪುಲಿಯನ್ನು ದೊಡ್ಡದು ಮಾಡಿದರೆ ಮಗ್ಗವು ಬೇಗ ಓಡುತ್ತದೆ. ಹಾಗಾದರೆ ಎಲ್ಲರೂ ಹಾಗೇಕೆ ಮಾಡುವುದಿಲ್ಲವೆಂದು ಕೇಳಿದೆ. “ಮಗ್ಗ ಓಡತೈತ್ರಿ ಸರ್, ಆದ್ರ ಲಾಳಿ ಮನಿ ಮುಟ್ಟಬೇಕಲ್ರಿ!” ಎಂದರು. ಲಾಳಿಯು ಆಚೆ ಬದಿಯ ಪೆಟ್ಟಿಗೆಯನ್ನು ಸೇರುವ ಮೊದಲೇ ಹಾಸಿನ ಎಳೆಗಳು ಮುಚ್ಚಿಕೊಂಡರೆ ನೂಲು ಹರಿಯುತ್ತದೆ. ಮಗ್ಗದಲ್ಲಿ ಹರಿದ ನೂಲು ಕಣ್ಣಿಗೆ ಕಾಣುತ್ತದೆ, ನೇಕಾರನು ನಿಲ್ಲಿಸಿ ಗಂಟು ಹಾಕುತ್ತಾನೆ. ಗಣಕಯಂತ್ರದಲ್ಲಿ ಹರಿದ ಎಳೆ ಕಾಣುವುದೇ ಇಲ್ಲ; ಬಟ್ಟೆ ಮಾತ್ರ ನೇಯ್ದುಕೊಂಡು ಹೋಗುತ್ತದೆ. ಯಂತ್ರವು ತಟ್ಟನೆ ನಿಂತುಹೋದರೆ ಅದು ಸಣ್ಣ ತೊಂದರೆ. ತಪ್ಪು ಲೆಕ್ಕವನ್ನು ಸರಿಯೆಂದು ಬರೆದಿಡುವುದೇ ದೊಡ್ಡ ಅಪಾಯ.

ಎರಡನೆಯ ಸಂಗತಿ ಶಾಖದ್ದು. ಬಡಿತ ಹೆಚ್ಚಿದಾಗ ಸಂಕೇತವು ಬೇಗ ತಲುಪಲೆಂದು ವೋಲ್ಟೇಜನ್ನೂ ಏರಿಸುತ್ತಾರೆ. ಟ್ರಾನ್ಸಿಸ್ಟರುಗಳ ಬಡಿತಕ್ಕೆ ವ್ಯಯವಾಗುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುತ್ತದೆ. ವೇಗವನ್ನು ನೂರಕ್ಕೆ ಇಪ್ಪತ್ತರಷ್ಟು, ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಈ ವೆಚ್ಚ ಸುಮಾರು ನೂರಕ್ಕೆ ನಲವತ್ತೈದರಷ್ಟು ಏರುತ್ತದೆ. ಅಷ್ಟೂ ಕೊನೆಗೆ ಶಾಖವೇ ಆಗುತ್ತದೆ. ಫ್ಯಾನು ಬೀಸುವುದು ಕೋಣೆಯ ಗಾಳಿಯನ್ನೇ ತಾನೆ! ತಂಪು ಊರಿನ ಕೋಣೆಯಲ್ಲಿ ತಡೆದುಕೊಂಡ ಯಂತ್ರವು ನಲವತ್ತು ಡಿಗ್ರಿಯ ನಮ್ಮ ಬೇಸಗೆಯಲ್ಲಿ ತಡೆದುಕೊಳ್ಳಲಾರದು. ಇಂದಿನ ಪ್ರೊಸೆಸರುಗಳು ಮಿತಿಮೀರಿ ಕಾದಾಗ ತಾವಾಗಿಯೇ ನಿಧಾನಿಸುವುದುಂಟು. ಆಗ ಗಳಿಸಿದ ವೇಗವೂ ಕೈಬಿಟ್ಟಂತೆಯೇ.

ಮೂರನೆಯದು ಆಯುಷ್ಯದ ಪ್ರಶ್ನೆ. ಕೂದಲಿಗಿಂತ ಅದೆಷ್ಟೋ ಪಾಲು ಸಣ್ಣದಾದ ಲೋಹದ ತಂತಿಗಳಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಲೋಹದ ಕಣಗಳನ್ನು ನಿಧಾನವಾಗಿ ಜರುಗಿಸುತ್ತದೆ. ಪ್ರವಾಹವೂ ಶಾಖವೂ ಹೆಚ್ಚಿದಷ್ಟು ಈ ಸವೆತ ಬೇಗ. ಹೆಚ್ಚಿನ ವೋಲ್ಟೇಜಿನಿಂದ ಆಗುವ ಹಾನಿಗೆ ಇತ್ತೀಚಿನ ನಿದರ್ಶನವೂ ಉಂಟು. ಇಂಟೆಲ್ ಸಂಸ್ಥೆಯ ಹದಿಮೂರು ಮತ್ತು ಹದಿನಾಲ್ಕನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು, ಬಳಕೆದಾರರು ವೇಗವನ್ನು ಮುಟ್ಟದಿದ್ದರೂ, ಅಸ್ಥಿರವಾಗತೊಡಗಿದವು. ಅತಿಯಾದ ವೋಲ್ಟೇಜು ಇದಕ್ಕೆ ಕಾರಣವೆಂದು ಸಂಸ್ಥೆಯೇ 2024ರಲ್ಲಿ ಒಪ್ಪಿಕೊಂಡಿತು. ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ಮುಂದಿನ ಹಾನಿಯನ್ನು ತಡೆಯಲು ತಿದ್ದುಪಡಿ ಬಂದಿತಾದರೂ ಅದಾಗಲೇ ಕೆಟ್ಟ ಪ್ರೊಸೆಸರು ಅದರಿಂದ ಸರಿಹೋಗಲಿಲ್ಲ.

ಹಾಗೆಂದು ಇದನ್ನು ಪೂರ್ತಿ ಹುಚ್ಚಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಯಾರಕರು ವೇಗವನ್ನು ನಿಗದಿಮಾಡುವಾಗ ಸ್ವಲ್ಪ ಅಂತರವನ್ನು ಉಳಿಸಿಯೇ ಇರುತ್ತಾರೆ. 1998ರ ಸೆಲೆರಾನ್ 300ಎ ಪ್ರೊಸೆಸರನ್ನು ಅನೇಕರು ಮುನ್ನೂರು ಮೆಗಾಹರ್ಟ್ಸಿನಿಂದ ನಾನ್ನೂರೈವತ್ತಕ್ಕೆ ಏರಿಸಿ ಸುಖವಾಗಿ ಬಳಸಿದ್ದುಂಟು. ಆದರೆ ಆ ಅಂತರವು ವ್ಯರ್ಥವಾಗಿ ಬಿಟ್ಟ ಜಾಗವಲ್ಲ. ಬೇಸಗೆಗೆ, ಧೂಳಿಗೆ, ವಿದ್ಯುತ್ತಿನ ಏರಿಳಿತಕ್ಕೆ, ಯಂತ್ರದ ಮುಪ್ಪಿಗೆ ಮೀಸಲಿಟ್ಟ ಕಾಳು ಅದು. ಬಿತ್ತನೆಯ ಕಾಳನ್ನು ಅಟ್ಟುಂಡವನಿಗೆ ಆ ದಿನ ಹೊಟ್ಟೆ ತುಂಬುತ್ತದೆ, ನಿಜ.

ಆದ್ದರಿಂದ ತರುಣರಿಗೆ ನನ್ನ ಮಾತು ಇಷ್ಟೇ. ವೇಗವನ್ನು ಏರಿಸಲೇಬೇಕಾದರೆ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇಡಿರಿ. ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಹಂತದಲ್ಲಿಯೂ ತಾಸುಗಟ್ಟಲೆ ಪರೀಕ್ಷಿಸಿರಿ. ಶಾಖದ ಮೇಲೆ ಕಣ್ಣಿರಲಿ. ಹೀಗೆ ಕೆಟ್ಟ ಯಂತ್ರಕ್ಕೆ ಖಾತರಿ ಸಾಮಾನ್ಯವಾಗಿ ದೊರೆಯದೆಂಬುದನ್ನೂ ನೆನಪಿಡಿರಿ. ಮತ್ತೊಬ್ಬರ ದುಡಿಮೆ ತುಂಬಿದ ಯಂತ್ರದ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಮೊಮ್ಮಗ ತಾನೇ ಯಂತ್ರವನ್ನು ಮೊದಲಿನ ವೇಗಕ್ಕೆ ತಂದ. ಕಳೆದುಹೋದ ಮಾತುಗಳಲ್ಲಿ ಹೆಚ್ಚಿನವು ನನ್ನ ಹಳೆಯ ವಹಿಗಳಲ್ಲಿದ್ದವು. ಅವನೇ ಕುಳಿತು ಮತ್ತೆ ಸೇರಿಸಿಕೊಟ್ಟ. ಆದರೆ ವಹಿಯಲ್ಲಿ ಬರೆದುಕೊಳ್ಳದೆ ನೇರವಾಗಿ ಯಂತ್ರಕ್ಕೇ ಸೇರಿಸಿದ್ದ ಕೆಲವು ಮಾತುಗಳಿದ್ದವು. ಅವನ್ನು ಹೇಳಿದ ಮುದುಕಿ ಅಷ್ಟರಲ್ಲಿ ತೀರಿಕೊಂಡಿದ್ದಳು.